ಜಾಣ ಕುರುಡು

ಎಂಟನೇ ಕ್ಲಾಸಿನ ಮಗಳು ಮೊನ್ನೆ ಇಂಗ್ಲಿಷ್ ಹೋಮ್‌ವರ್ಕ್ ಹಿಡ್ಕೊಂಡು ಬಂದಳು. 'ಅಪ್ಪಾ, ಟರ್ನ್ ಎ ಬ್ಲೈಂಡ್ ಐ ಅಂದ್ರೇನು?' 'ಕಂಡ್ರೂ ಕಾಣದ ಹಾಗೆ ಇರೋದು' ಅಂದೆ. 'ಅದು ಒಳ್ಳೇದಾ, ಕೆಟ್ಟದ್ದಾ?' ಅಂದಳು. ಹೋಮ್‌ವರ್ಕಿನಲ್ಲಿ ಆ ಪ್ರಶ್ನೆ ಇರಲಿಲ್ಲ.

ಈ ಮಾತಿನ ಜೊತೆ ಸಾಮಾನ್ಯವಾಗಿ ಹೇಳುವುದು ಬ್ರಿಟಿಷ್ ನೌಕಾಪಡೆಯ ನೆಲ್ಸನ್ ಕಥೆ. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಳಗದಲ್ಲಿ ಅವನ ಬಲಗಣ್ಣಿನ ದೃಷ್ಟಿ ಹೋಗಿತ್ತು. 1801ರ ಕೋಪನ್‌ಹೇಗನ್ ಯುದ್ಧದಲ್ಲಿ ಮೇಲಧಿಕಾರಿ ಹೈಡ್ ಪಾರ್ಕರ್ ದೂರದ ಹಡಗಿನಿಂದ, ಕಾಳಗ ನಿಲ್ಲಿಸಿ ಅಂತ ಬಾವುಟದ ಸಂಕೇತ ಕೊಟ್ಟ. ನೆಲ್ಸನ್ ದುರ್ಬೀನನ್ನು ಕುರುಡು ಕಣ್ಣಿಗೆ ಹಿಡಿದು, ನನಗೇನೂ ಕಾಣ್ತಿಲ್ಲ ಅಂದನಂತೆ. ದುರ್ಬೀನಿನ ವಿವರ ಆಮೇಲೆ ಹಾಕಿದ ಒಗ್ಗರಣೆ ಅನ್ನುವ ಇತಿಹಾಸಕಾರರೂ ಇದ್ದಾರೆ. ಸಂಕೇತವನ್ನು ಅವನು ಕಡೆಗಣಿಸಿದ್ದಂತೂ ನಿಜ. ಗೆದ್ದ, ಹಾಗಾಗಿ ವೀರನಾದ. ಸೋತಿದ್ದರೆ ಅದೇ ಕೆಲಸಕ್ಕೆ ಆಜ್ಞೆ ಮೀರಿದವನು ಅನ್ನಿಸಿಕೊಳ್ಳುತ್ತಿದ್ದ.

ಕನ್ನಡ ಇಂಥ ವೀರಗಾಥೆಯ ಗೊಡವೆಗೇ ಹೋಗಿಲ್ಲ. 'ಜಾಣ ಕುರುಡು' ಅಂತ ಎರಡೇ ಪದದಲ್ಲಿ ತೀರ್ಪು ಕೊಟ್ಟುಬಿಟ್ಟಿದೆ. ಪಾಪ, ನಿಜವಾಗಿ ಕಣ್ಣಿಲ್ಲದವರನ್ನು ಈ ಮಾತಿಗೆ ಎಳೆಯಬಾರದಿತ್ತು. ಇಲ್ಲಿ ತಪ್ಪು ಇರುವುದು ಜಾಣತನದಲ್ಲಿ.

ಆದರೆ ಕಾಣದ ಹಾಗೆ ಇರೋದೆಲ್ಲ ತಪ್ಪೇ? ನಮ್ಮಜ್ಜಿಗೆ ನಾನು ಬೆಲ್ಲದ ಡಬ್ಬಿಗೆ ಕೈ ಹಾಕೋದು ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ. ಅದನ್ನು ಪ್ರೀತಿ ಅಂತಲೇ ಕರೆಯಬೇಕು.

ವ್ಯತ್ಯಾಸ ಎಲ್ಲಿದೆ ಅಂತ ಯೋಚಿಸಿದೆ. ನನ್ನ ಮಟ್ಟಿಗೆ ಪ್ರಶ್ನೆ ಒಂದೇ: ನಾವು ನೋಡದೇ ಹೋದದ್ದಕ್ಕೆ ಬೆಲೆ ತೆರೋರು ಯಾರು? ಅಜ್ಜಿ ತನ್ನ ಬೆಲ್ಲ ಕಳ್ಕೊಂಡಳು. ನೆಲ್ಸನ್ ತನ್ನ ಪ್ರಾಣವನ್ನೂ ಒಡ್ಡಿದ, ಜೊತೆಗೆ ಕೇಳದೇನೇ ನೂರಾರು ನಾವಿಕರ ಪ್ರಾಣವನ್ನೂ. ಅದಕ್ಕೇ ಅವನ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಎರಡಾಗಿದೆ.

ನನ್ನ ವಿಷಯದಲ್ಲಿ ಆ ಗೊಂದಲವಿಲ್ಲ. ನಾಲ್ಕು ವರ್ಷದ ಹಿಂದೆ ನಾವಿದ್ದ ಬಾಡಿಗೆ ಮನೆಯ ಎದುರು ಮನೇಲಿ ಒಬ್ಬ ಹುಡುಗಿ ಪಾತ್ರೆ ತೊಳೀತಿದ್ದಳು. ಹನ್ನೊಂದೋ ಹನ್ನೆರಡೋ ಇರಬೇಕು. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಕೊಳ್ಳೋದು 2006ರಿಂದಲೇ ನಿಷಿದ್ಧ ಅಂತ ನನಗೆ ಗೊತ್ತಿತ್ತು. 1098 ನಂಬರೂ ಗೊತ್ತಿತ್ತು. 'ಆ ಅಕ್ಕ ಯಾಕೆ ಸ್ಕೂಲಿಗೆ ಹೋಗಲ್ಲ?' ಅಂತ ಮಗಳು ಕೇಳಿದಾಗ, 'ಅವರ ಮನೆ ವಿಷಯ ನಮಗ್ಯಾಕೆ' ಅಂದಿದ್ದೆ. ಎದುರು ಮನೆಯವರ ಜೊತೆ ಮನಸ್ತಾಪ ಬೇಡ ಅಂತ ನಾನು ಉಳಿಸಿಕೊಂಡ ನೆಮ್ಮದಿಗೆ ಬೆಲೆ ತೆತ್ತವಳು ಅವಳು.

ಇದನ್ನೆಲ್ಲ ಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಅಕ್ಕ ಈಗ ಎಲ್ಲಿದ್ದಾಳೆ ಅಪ್ಪಾ?' ಅಂದಳು.

ಗೊತ್ತಿಲ್ಲ ಅಂದೆ. ಗೊತ್ತು ಮಾಡಿಕೊಳ್ಳೋಕೆ ಆಗ ನಾನು ರಸ್ತೆ ದಾಟಿದ್ದರೆ ಸಾಕಿತ್ತು.