ಇಷ್ಟು ಸಾಲದೇ?

ನಮ್ಮ ಮನೆಯಲ್ಲಿ ‘ಇಷ್ಟು ಸಾಲದೇ?’ ಎಂಬ ಪ್ರಶ್ನೆಯನ್ನು ಅತಿ ಹೆಚ್ಚು ಬಾರಿ ಕೇಳಿದವಳು ನಾನೇ ಇರಬೇಕು. ಸಾರಿನ ಉಪ್ಪಿನಿಂದ ಹಿಡಿದು ಮದುವೆಯ ಮುಯ್ಯಿಯವರೆಗೆ ಎಲ್ಲಕ್ಕೂ ನನ್ನದು ಅದೇ ಪ್ರಶ್ನೆ. ಸುಮಾರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳಿಗೆ ಪ್ರಶ್ನೆ ಕೇಳುವುದು ಕೈವಶವಾದ ವಿದ್ಯೆ. ಅದೇ ಪ್ರಶ್ನೆ ತಿರುಗಿ ನನ್ನ ಕಡೆಗೇ ಬಂದಾಗ ಮಾತ್ರ ಕನ್ನಡಕ ಒರೆಸಿಕೊಳ್ಳುತ್ತಾ ಕಾಲ ತಳ್ಳಬೇಕಾಗುತ್ತದೆ.

2023ರ ಗೌರಿ ಹಬ್ಬ ಕಳೆದ ವಾರ. ಹಬ್ಬದ ಪಾತ್ರೆಗಳನ್ನು ಒರೆಸಿ ಅಟ್ಟಕ್ಕೆ ಏರಿಸುತ್ತಿದ್ದೆ. ಸ್ಟೂಲು ಹಿಡಿದುಕೊಂಡಿದ್ದ ಮಗ ಕೆಳಗಿನಿಂದಲೇ, “ಅಮ್ಮಾ, ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಬದಲಾಯಿಸೋಣ ಅಂತಿದ್ದೀನಿ” ಎಂದ.

“ಎಷ್ಟಾಗುತ್ತೆ?”

“ಮೂವತ್ತು ಸಾವಿರದ ಮೇಲೆ.”

“ಇರೋದು ಕೆಟ್ಟುಹೋಗಿದೆಯಾ?”

“ಕೆಟ್ಟಿಲ್ಲ. ಹೊಸ ಆಟಗಳಿಗೆ ಸಾಲಲ್ಲ.”

ಆಟಕ್ಕೆ ಮೂವತ್ತು ಸಾವಿರ! ನಾನು ಸ್ಟೂಲಿನಿಂದ ಇಳಿದೇ ಮಾತಾಡಿದೆ. ಆ ದುಡ್ಡಿಗೆ ಐದು ಗ್ರಾಂ ಚಿನ್ನ ಬರುತ್ತದೆ, ಮನೆಯ ಹಿತ್ತಲಿನ ಗೋಡೆ ಎದ್ದು ನಿಲ್ಲುತ್ತದೆ, ಇಪ್ಪತ್ತಮೂರು ವರ್ಷದವನು ಆಟ ಆಟ ಎನ್ನುವುದಕ್ಕೆ ನಾಚಿಕೆಯಾಗಬೇಕು ಎಂದೆಲ್ಲ ಅಂದೆ. ದುಡ್ಡು ಅವನದೇ, ಊರಿನ ಒಂದು ಖಾಸಗಿ ಕಚೇರಿಯಲ್ಲಿ ಒಂದು ವರ್ಷ ದುಡಿದು ಉಳಿಸಿದ್ದು. ಕೇಳದೆ ತಂದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಪೆಟ್ಟಿಗೆಯೊಳಗಿನ ಹಲಗೆ ಬದಲಾದದ್ದು ನನಗೆ ಹೇಗೆ ಗೊತ್ತಾಗಬೇಕು? ಕೇಳಿದನಲ್ಲ, ಅದಕ್ಕೇ ಬೈಸಿಕೊಂಡ. ನಮ್ಮವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಇಂಥ ಹೊತ್ತಿನಲ್ಲಿ ಅವರ ಓದು ಬಹಳ ಗಾಢವಾಗಿರುತ್ತದೆ.

ಕೋಪ ಇಳಿದ ಮೇಲೆ, ಈ ಕಾರ್ಡು ಏನು ಮಾಡುತ್ತದೆ ಎಂಬುದನ್ನಾದರೂ ತಿಳಿದುಕೊಳ್ಳೋಣ ಎನಿಸಿತು. ಪಾಠ ತಿಳಿಯದೆ ಅಂಕ ಕಳೆಯುವ ಮೇಷ್ಟ್ರುಗಳನ್ನು ನಾನು ಬಹಳ ಕಂಡಿದ್ದೇನೆ. ಮಗ ವಿವರಿಸಿದ. ಅವನ ಪರದೆಯ ಮೇಲೆ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳು. ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಪ್ರತಿ ಚುಕ್ಕೆಗೂ ಬಣ್ಣ ತುಂಬಬೇಕು, ಅದೂ ಸೆಕೆಂಡಿಗೆ ಅರವತ್ತು ಸಲ. ಲೆಕ್ಕ ಹಾಕಿದರೆ ಒಂದು ಸೆಕೆಂಡಿಗೆ ಹನ್ನೆರಡು ಕೋಟಿ ಚುಕ್ಕೆ! ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಮಹಾಪಂಡಿತನಿದ್ದ ಹಾಗೆ, ಎಂಥ ಲೆಕ್ಕವನ್ನಾದರೂ ಬಿಡಿಸುತ್ತಾನೆ. ಆದರೆ ಊರ ತುಂಬ ರಂಗೋಲಿಗೆ ಬಣ್ಣ ತುಂಬಲು ಪಂಡಿತನೊಬ್ಬ ಸಾಲದು, ನೂರಾರು ಮಕ್ಕಳು ಬೇಕು. ಮಗನ ಹಳೆಯ ಕಾರ್ಡು, ಜಿಟಿಎಕ್ಸ್ 1650, 2019ರಲ್ಲಿ ಬಂದದ್ದು. ಅದರಲ್ಲಿ ಅಂಥ ಮಕ್ಕಳು 896. ಅವನು ಕಣ್ಣು ಹಾಕಿದ್ದ ಆರ್‌ಟಿಎಕ್ಸ್ 4060ರಲ್ಲಿ 3,072. ನೆನಪಿನ ಜಾಗ ಹಳೆಯದರಲ್ಲಿ 4 ಜಿಬಿ, ಹೊಸದರಲ್ಲಿ 8.

ಅರವತ್ತು ಎಂದ ಕೂಡಲೇ ನನಗೆ ಒಂದು ಅಸ್ತ್ರ ಸಿಕ್ಕಿತು. ಸಿನಿಮಾದಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕೇ ಚಿತ್ರಗಳು. ಟೂರಿಂಗ್ ಟಾಕೀಸಿನಲ್ಲಿ ಮರಳಿನ ಮೇಲೆ ಕೂತು ಆ ಇಪ್ಪತ್ತನಾಲ್ಕರಲ್ಲೇ ನಾವು ಅತ್ತಿದ್ದೇವೆ, ನಕ್ಕಿದ್ದೇವೆ, ರಾಜಕುಮಾರರಿಗೆ ಶಿಳ್ಳೆ ಹಾಕಿದ್ದೇವೆ (ನಾನಲ್ಲ, ನನ್ನ ಅಣ್ಣಂದಿರು). ನಮಗೆ ಸಾಕಾದದ್ದು ನಿನಗೇಕೆ ಸಾಲದು ಎಂದೆ.

ಹುಡುಗ ಸೋಲಲಿಲ್ಲ. ಕ್ಯಾಮೆರಾ ಚಿತ್ರ ಹಿಡಿಯುವಾಗ ಓಡುವವನ ಕೈಕಾಲು ಸ್ವಲ್ಪ ಮಸಕಾಗಿಯೇ ಅಚ್ಚಾಗುತ್ತದೆ, ಆ ಮಸಕನ್ನೇ ಕಣ್ಣು ಒಂದಕ್ಕೊಂದು ಸೇರಿಸಿಕೊಳ್ಳುತ್ತದೆ. ಕಂಪ್ಯೂಟರು ಪ್ರತಿ ಚಿತ್ರವನ್ನೂ ಚೂಪಾಗಿ ಬಿಡಿಸುವುದರಿಂದ ನಡುವಿನ ಜಿಗಿತ ಕಾಣುತ್ತದೆ. ಅದಕ್ಕಿಂತ ಮುಖ್ಯ, ಸಿನಿಮಾ ನೋಡುವವರ ಕೈ ಸುಮ್ಮನಿರುತ್ತದೆ. ಆಟದಲ್ಲಿ ಕೈ ಆಡಿದೊಡನೆ ಚಿತ್ರ ಆಡಬೇಕು. ಸೆಕೆಂಡಿಗೆ ಮೂವತ್ತು ಚಿತ್ರವಾದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ 33 ಮಿಲಿಸೆಕೆಂಡು, ಅರವತ್ತಾದರೆ 17ಕ್ಕೂ ಕಡಿಮೆ. “ಹಾರ್ಮೋನಿಯಂ ಮನೆ ಒತ್ತಿದ ಮೇಲೆ ಸ್ವರ ತಡವಾಗಿ ಬಂದರೆ ನೀನು ನುಡಿಸ್ತೀಯಾ?” ಎಂದ. ನಾನು ಹಾರ್ಮೋನಿಯಂ ಮುಟ್ಟಿ ಹತ್ತು ವರ್ಷವಾಗಿತ್ತು, ಆದರೂ ಮಾತು ನಾಟಿತು.

ಬಿ.ಎ.ಯಲ್ಲಿ ನಾನು ಅರ್ಥಶಾಸ್ತ್ರ ಓದಿದವಳು. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವೆಂದು ಒಂದಿದೆ. ಹೆಸರು ಭಯಂಕರ, ವಿಷಯ ಹೋಳಿಗೆಯದು. ಮೊದಲ ಹೋಳಿಗೆಯ ರುಚಿ ಐದನೆಯದಕ್ಕಿಲ್ಲ, ಅಷ್ಟೇ. ಮೂವತ್ತರಿಂದ ಅರವತ್ತಕ್ಕೆ ಏರಿದರೆ ಉಳಿಯುವುದು ಸುಮಾರು 17 ಮಿಲಿಸೆಕೆಂಡು. ಅರವತ್ತರಿಂದ ನೂರಿಪ್ಪತ್ತಕ್ಕೆ 8, ಅಲ್ಲಿಂದ ಇನ್ನೂರ ನಲವತ್ತಕ್ಕೆ 4. ಬೆಲೆ ಏರುತ್ತಾ ಹೋಗುತ್ತದೆ, ಸಿಗುವುದು ಇಳಿಯುತ್ತಾ ಬರುತ್ತದೆ. ಅದೂ ಅಲ್ಲದೆ ಮಗನ ಪರದೆ ಸೆಕೆಂಡಿಗೆ ಅರವತ್ತು ಸಲ ಮಾತ್ರ ಬದಲಾಗುವಂಥದ್ದು. ಅದಕ್ಕೆ ನೂರಿಪ್ಪತ್ತು ಚಿತ್ರ ಕೊಟ್ಟರೆ ಅರ್ಧ ನೀರಿಗೆ ಸುರಿದ ಹಾಗೆಯೇ.

ಆಗ ನನ್ನೊಳಗಿನ ಉಪಾಧ್ಯಾಯಿನಿ ಎದ್ದಳು. ಆಸೆಯೊಂದು ನಿಜವೋ ಬರೀ ಹೆಸರಿನದೋ ತಿಳಿಯಬೇಕಾದರೆ ಪರೀಕ್ಷೆ ಇಡಬೇಕು. ಅವನು ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಆಟ ಆಡುತ್ತಿದ್ದ. ಅಮೆರಿಕದ ಹಳೆಯ ಕಾಲದ ಬಯಲು, ಕುದುರೆ, ಮಳೆ. ಕದ್ದು ನೋಡಿದ್ದೆ, ಚೆನ್ನಾಗಿತ್ತು. ಪಕ್ಕದ ಮನೆಯ ಪಿಯುಸಿ ಹುಡುಗನನ್ನು ಕರೆಸಿದೆ. ಮಗ ಹೊರಗಿರುವಾಗ ಅವನು ಆಟದ ಏರ್ಪಾಡು ಬದಲಾಯಿಸುವುದು, ಮಗ ಬಂದು ಎರಡು ನಿಮಿಷ ಆಡಿ ಹೇಳುವುದು, ನಾನು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುವುದು. ಪರದೆಯ ಮೂಲೆಯಲ್ಲಿ ಯಾವಾಗಲೂ ಕುಣಿಯುತ್ತಿದ್ದ ಫ್ರೇಮಿನ ಅಂಕಿಯನ್ನು ಮೊದಲೇ ತೆಗೆಸಿದೆ. ಅದು ಕಾಪಿ ಚೀಟಿ.

ಮೊದಲ ಸುತ್ತಿನಲ್ಲಿ ವೇಗವನ್ನು ಮೂವತ್ತಕ್ಕೇ ಕಟ್ಟಿಹಾಕಿ ಚಿತ್ರದ ಅಂದ ಮಾತ್ರ ಬದಲಾಯಿಸಿದೆವು: ಒಮ್ಮೆ ಮಧ್ಯಮ, ಒಮ್ಮೆ ಉತ್ತಮ, ಹುಡುಗನಿಗೆ ತೋಚಿದಂತೆ. ಎಂಟು ಸಲಕ್ಕೆ ಮಗ ಸರಿ ಹೇಳಿದ್ದು ನಾಲ್ಕು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ನಾನು ಒಳಗೊಳಗೇ ಹಿಗ್ಗಿದೆ. ಎರಡನೆಯ ಸುತ್ತಿನಲ್ಲಿ ಅಂದವನ್ನು ತೀರ ಕೆಳಗಿಳಿಸಿ ವೇಗವನ್ನು ಮೂವತ್ತಕ್ಕೂ ಅರವತ್ತಕ್ಕೂ ಬದಲಾಯಿಸಿದರೆ, ಎಂಟಕ್ಕೆ ಎಂಟೂ ಸರಿ. ಕುರ್ಚಿಯಲ್ಲಿ ಕೂತು ಕುದುರೆಯ ತಲೆ ತಿರುಗಿಸಿದ ಮರುಕ್ಷಣವೇ ಹೇಳಿಬಿಡುತ್ತಿದ್ದ.

ಹಾಗಾದರೆ ಆಸೆ ಅರ್ಧ ನಿಜ, ಅರ್ಧ ಸುಳ್ಳು. ನಿಜವಾದ ಅರ್ಧವನ್ನು ಹಳೆಯ ಕಾರ್ಡೇ ತೀರಿಸುತ್ತಿತ್ತಲ್ಲ, ನೆರಳು, ಪ್ರತಿಬಿಂಬ, ಹುಲ್ಲಿನ ಸೊಂಪು ಕಡಿಮೆ ಮಾಡಿಕೊಂಡರಾಯಿತು! ತೀರ್ಪು ಕೊಟ್ಟೆ. “ಸರಿ ಅಮ್ಮಾ” ಎಂದು ಎದ್ದುಹೋದ. ಅಷ್ಟು ಬೇಗ ಸರಿ ಅಂದದ್ದೇ ನನಗೆ ಸರಿಬೀಳಲಿಲ್ಲ.

ಮುಂದೆ ಎರಡು ಮೂರು ಶನಿವಾರ ಕಳೆದ ಮೇಲೆ ಮನೆ ಯಾಕೋ ನಿಶ್ಶಬ್ದವಾಗಿದೆ ಎನಿಸತೊಡಗಿತು. ಶನಿವಾರ ರಾತ್ರಿ ಅವನ ಕೋಣೆಯಿಂದ ಬರುತ್ತಿದ್ದ ಗಲಾಟೆಗೆ ನಾನೇ ಎಷ್ಟು ಸಲ ಬಾಗಿಲು ಬಡಿದಿದ್ದೇನೋ! ಕೇಳಿದೆ. ಹೈಸ್ಕೂಲಿನಿಂದ ಜೊತೆಗಿದ್ದ ನಾಲ್ವರು, ಈಗ ಒಬ್ಬ ಹುಬ್ಬಳ್ಳಿ, ಒಬ್ಬ ಬೆಂಗಳೂರು, ಒಬ್ಬ ಕೆನಡಾದ ಟೊರಾಂಟೊ. ಶನಿವಾರ ರಾತ್ರಿ ನಾಲ್ವರೂ ಒಂದು ಆಟದಲ್ಲಿ ಸೇರುತ್ತಿದ್ದರು. ಆ ಆಗಸ್ಟಿನಲ್ಲಿ ‘ಬಾಲ್ಡರ್ಸ್ ಗೇಟ್ 3’ ಎಂಬ ಹೊಸ ಆಟ ಬಂತು. ನಾಲ್ಕು ಜನ ಸೇರಿ ಒಂದೇ ಕಥೆಯೊಳಗೆ ನಡೆಯುವ ಆಟ, ಜಗಳ ಬಂದಾಗ ಚೌಕಾಬಾರದಂತೆ ಸರದಿ ಪ್ರಕಾರ ದಾಳ ಹಾಕುವುದು. ಮೂವರೂ ಅದಕ್ಕೆ ಹೋದರು. ಅದಕ್ಕೆ ಕನಿಷ್ಠ ಬೇಕೆಂದು ತಯಾರಕರು ಹೇಳಿದ್ದ ಕಾರ್ಡು ಜಿಟಿಎಕ್ಸ್ 970, ನಮ್ಮ ಹುಡುಗನದಕ್ಕಿಂತ ಕೊಂಚ ಗಟ್ಟಿ. ಇವನದರಲ್ಲಿ ಆಟ ತೆರೆಯುತ್ತಿತ್ತು, ನಡೆಯುತ್ತಿರಲಿಲ್ಲ, ತೆವಳುತ್ತಿತ್ತು. ಎರಡು ವಾರ ನೋಡಿ, ‘ನೀವು ಆಡ್ರೋ’ ಎಂದು ಹೊರಗೆ ಬಂದಿದ್ದ.

“ಮೊದಲೇ ಹೇಳಬಾರದಿತ್ತೇನೋ?” ಎಂದೆ. “ನೀನು ಚಿತ್ರ ಚೆನ್ನಾಗಿ ಕಾಣುತ್ತಾ ಅಂತ ತಾನೇ ಕೇಳಿದ್ದು?” ಎಂದ.

ಅಲ್ಲಿಗೆ ನನ್ನ ಪ್ರಶ್ನೆಪತ್ರಿಕೆಯೇ ಪಠ್ಯದ ಹೊರಗಿನದಾಗಿತ್ತು.

ಈ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಸಾಕು ಎಂದು ಹೇಳುವವರು ಯಾರು? ನನಗೆ ಇಪ್ಪತ್ತೆರಡಾಗಿದ್ದಾಗ ಮೈಸೂರಿಗೆ ಹೋಗಿ ಎಂ.ಎ. ಓದಬೇಕೆಂದು ಕೇಳಿದ್ದೆ. ಅಪ್ಪ, “ಬಿ.ಎ., ಬಿ.ಎಡ್. ಸಾಲದೇ? ನೌಕರಿಗೆ ಇಷ್ಟು ಸಾಕಲ್ಲ” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ಲೆಕ್ಕವೂ ತಪ್ಪಲ್ಲ. ನೌಕರಿ ಬಂತು, ಸಂಸಾರ ನಡೆಯಿತು. ಆದರೆ ನಾನು ಕೇಳಿದ್ದು ನೌಕರಿಯನ್ನಲ್ಲ. ಎಂ.ಎ.ಗೂ ಆಟದ ಕಾರ್ಡಿಗೂ ಏನು ಸಾಟಿ ಎಂದು ನೀವು ಕೇಳಬಹುದು. ಸಾಟಿಯಿಲ್ಲ, ಒಪ್ಪಿದೆ. ಆದರೆ ಎರಡು ಕಡೆಯೂ ಸಾಕು ಅಂದವರೊಬ್ಬರು, ಇಲ್ಲದೆ ಇರಬೇಕಾದವರು ಇನ್ನೊಬ್ಬರು. ಬೇಸಿಗೆ ರಜೆಯಲ್ಲಿ ನಾವು ಅಕ್ಕತಂಗಿಯರು ಕೂಡಿ ಮಧ್ಯರಾತ್ರಿಯವರೆಗೆ ಕವಡೆ ಆಡುತ್ತೇವೆ. ಅದರಿಂದ ಏನು ಬಂತೆಂದು ಯಾರಾದರೂ ಕೇಳಿದರೆ ನಾನೂ ಬಾಯಿ ತೆರೆಯಲಾರೆ. ಅದೇ ವರ್ಷ ನಾದಿನಿಯ ಮಗಳ ಮದುವೆಗೆಂದು ಕೊಂಡ ಹದಿನಾಲ್ಕು ಸಾವಿರದ ರೇಷ್ಮೆ ಸೀರೆಯ ವಿಷಯ ಇಲ್ಲಿ ಎತ್ತದಿರುವುದೇ ಕ್ಷೇಮ. ಉಟ್ಟದ್ದು ಎರಡು ಸಲ. ಅದರ ಪಕ್ಕದಲ್ಲಿ ಆರು ಸಾವಿರದ್ದನ್ನಿಟ್ಟು ಪರೀಕ್ಷಿಸಿದ್ದರೆ ನನಗೂ ಎಂಟಕ್ಕೆ ನಾಲ್ಕೇ ಬರುತ್ತಿತ್ತೇನೋ.

ಇನ್ನೊಂದು ಕಡೆಯಿಂದ ನೋಡಿದರೆ ಸಿಟ್ಟೂ ಬರುತ್ತದೆ. ನಿನ್ನೆ ಸಾಕಾಗಿದ್ದನ್ನು ಇಂದು ಸಾಲದಂತೆ ಮಾಡುವವರು ಎಲ್ಲೋ ಕೂತಿದ್ದಾರೆ. 2020ರಲ್ಲಿ ಬಂದ ‘ಸೈಬರ್‌ಪಂಕ್ 2077’ ಎಂಬ ಆಟಕ್ಕೆ ಬೇಕಾದ ಕನಿಷ್ಠ ಯಂತ್ರಬಲವನ್ನು 2023ರಲ್ಲಿ ತಯಾರಕರೇ ಮೇಲಕ್ಕೇರಿಸಿದರು. ಕೊಂಡವನ ಕಂಪ್ಯೂಟರು ಇದ್ದಲ್ಲೇ ಇದ್ದು ಬಡವಾಯಿತು. ಕಾರ್ಡುಗಳ ಬೆಲೆಯೂ ಆಡುವವರ ಕೈಯಲ್ಲಿಲ್ಲ. 2021ರಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸಲು ಜನ ಕಾರ್ಡುಗಳನ್ನು ರಾಶಿರಾಶಿಯಾಗಿ ಕೊಂಡು ಬೆಲೆ ಮುಗಿಲಿಗೇರಿತ್ತು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ವಿಧಾನ ಬದಲಾಗಿ ಕಾರ್ಡಿನ ಅಗತ್ಯ ತಪ್ಪಿತು. ಮಗ ಅಲ್ಲಿಯವರೆಗೆ ಕಾದಿದ್ದನಂತೆ. ನನಗೆ ಅದೂ ಗೊತ್ತಿರಲಿಲ್ಲ. ಮೂರೇ ದಿನ ಯೋಚಿಸಿ ಸೀರೆ ಕೊಂಡವಳು, ಎರಡು ವರ್ಷ ಕಾದವನಿಗೆ ಸಂಯಮ ಬೋಧಿಸಿದ್ದೆ.

ಕೊನೆಗೆ ಒಂದು ಭಾನುವಾರ ತಾಯಿಮಗ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಲ್ಲಿ ಸನ್ಯಾಸಿಯ ಕೌಪೀನದ ಕಥೆ ಕಣ್ಣೆದುರಿಗೇ ನಡೆಯಿತು. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು ಎಂದು ಹೋಗುತ್ತದಲ್ಲ, ಹಾಗೆ. ಹೊಸ ಕಾರ್ಡಿಗೆ ಹೆಚ್ಚು ವಿದ್ಯುತ್ ಬೇಕು, ಹಳೆಯ ಪವರ್ ಸಪ್ಲೈಗೆ ತಕ್ಕ ತಂತಿಯೇ ಇಲ್ಲ, ಅದೂ ಬದಲಾಗಬೇಕು. ಪ್ರೊಸೆಸರು 2019ರ ಐ3, ನಾಲ್ಕೇ ಕೋರಿನದು. ಕಾರ್ಡು ಎಷ್ಟೇ ದೊಡ್ಡದಾದರೂ ಅದು ತಡೆಯುತ್ತದೆ. ದೋಸೆಯ ಕಾವಲಿ ದೊಡ್ಡದಾದರೆ ಸಾಕೇ, ಹಿಟ್ಟು ರುಬ್ಬುವವರು ಬೇಕಲ್ಲ. ಪ್ರೊಸೆಸರು ಬದಲಾದರೆ ಮದರ್‌ಬೋರ್ಡು, ಆಮೇಲೆ 144 ಹರ್ಟ್ಜ್ ಪರದೆ. ಅಂಗಡಿಯವನು ಎಲ್ಲವನ್ನೂ ನಗುನಗುತ್ತಾ ಮೇಜಿನ ಮೇಲೆ ಜೋಡಿಸತೊಡಗಿದ.

“ನಿನ್ನ ಸ್ನೇಹಿತರ ಜೊತೆ ಕೂರಲು ಏನು ಬೇಕೋ ಅದನ್ನು ಹೇಳು” ಎಂದೆ. ಸರದಿಯ ಆಟವಾದ್ದರಿಂದ ಅದಕ್ಕೆ ಅರವತ್ತರ ಹಟವಿಲ್ಲವೆಂದು ಅವನೇ ಹೇಳಿದ. 4060 ಬಿಟ್ಟು, ಎಎಂಡಿಯವರ ಆರ್‌ಎಕ್ಸ್ 6600 ಆರಿಸಿದ. ನೆನಪು ಅದರಲ್ಲೂ 8 ಜಿಬಿ, ಬೆಲೆ ಇಪ್ಪತ್ತೆರಡು ಸಾವಿರದೊಳಗೆ. ಪವರ್ ಸಪ್ಲೈ ನನ್ನ ಲೆಕ್ಕಕ್ಕೆ. ಆ ಆಟದ ಮೂರನೆಯ ಭಾಗದಲ್ಲಿ ದೊಡ್ಡ ಪಟ್ಟಣವೊಂದು ಬರುತ್ತದಂತೆ, ಜನಸಂದಣಿಯ ಲೆಕ್ಕ ಪ್ರೊಸೆಸರಿನ ತಲೆಗೇ ಬರುವುದರಿಂದ ಅಲ್ಲಿ ಹೊಸ ಕಾರ್ಡಿದ್ದರೂ ತೊಡರುತ್ತದಂತೆ. “ಆ ಊರು ತಲುಪಕ್ಕೆ ನಮಗೆ ಆರು ತಿಂಗಳು ಬೇಕು ಬಿಡಮ್ಮ” ಎಂದ.

ಹಳೆಯ ಕಾರ್ಡು ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಹೋಯಿತು. ಪರೀಕ್ಷಾ ಮೇಲ್ವಿಚಾರಣೆಯ ಸಂಭಾವನೆ ಎಂದು ತಮಾಷೆ ಮಾಡಿದೆವು. ಚಿನ್ನದ ಬೆಲೆ ಎರಡು ವರ್ಷದಲ್ಲಿ ದುಪ್ಪಟ್ಟಾಯಿತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಆ ಲೆಕ್ಕದಲ್ಲಿ ನಾನೇ ಗೆದ್ದೆ. ನಮ್ಮವರು ಅದನ್ನು ಆಗಾಗ ಪತ್ರಿಕೆಯ ಮರೆಯಿಂದ ನೆನಪಿಸುತ್ತಾರೆ.

ಅವರು ಆ ಪಟ್ಟಣ ತಲುಪಿದ್ದು ಮುಂದಿನ ವರ್ಷದ ಮಳೆಗಾಲದಲ್ಲಿ. ಶನಿವಾರ ರಾತ್ರಿ, ಹಾಲಿನ ಲೋಟ ಹಿಡಿದು ಕೋಣೆಗೆ ಹೋದೆ. ಪರದೆಯ ಮೇಲೆ ಕಲ್ಲು ಹಾಸಿದ ಬೀದಿ, ತುಂಬ ಜನ, ಚಿತ್ರ ತೊಡರಿ ತೊಡರಿ ಸಾಗುತ್ತಿತ್ತು. ಟೊರಾಂಟೊದವನಿಗೆ ಅದು ಮಧ್ಯಾಹ್ನವಿರಬೇಕು, “ಬೇಗ ಬಾರೋ, ಎಲ್ಲಿದ್ದೀಯ?” ಎಂದು ಕೂಗುತ್ತಿದ್ದ. “ತಡಿಯೋ, ಬರ್ತಾ ಇದ್ದೀನಿ” ಎಂದು ಇವನು ನಗುತ್ತಿದ್ದ. ಮೂಲೆಯಲ್ಲಿ ಕುಣಿಯುತ್ತಿದ್ದ ಅಂಕಿ ಕಾಣಲಿಲ್ಲ. ತೆಗೆದುಹಾಕಿದ್ದನೋ, ನನ್ನ ಕನ್ನಡಕದ ದೋಷವೋ, ಕೇಳಲಿಲ್ಲ. ಲೋಟ ಇಟ್ಟು ಬಂದೆ.