ಪಡುವಣ ಬಾಗಿಲಿನವರ ನೆರಳು

ಊರಂಚಿನಲ್ಲಿ ಹೊಸದಾಗಿ ಎದ್ದ ಸಾಲುಮನೆಗಳ ಬಡಾವಣೆಗೆ ಮನೆ ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಹಸಿರು. ಗೇಟಿನ ಇಕ್ಕೆಲದಲ್ಲಿ ಎತ್ತರದ ಪಾಮ್ ಗಿಡಗಳು, ಒಳಗೆ ಕಾಲಿಡಲೂ ಮನಸ್ಸಾಗದಷ್ಟು ನಯವಾದ ಹುಲ್ಲುಹಾಸು, ಕಾಂಪೌಂಡಿನ ಉದ್ದಕ್ಕೂ ಒತ್ತೊತ್ತಾಗಿ ನಿಲ್ಲಿಸಿದ ಕೊನೊಕಾರ್ಪಸ್. ಎಲ್ಲವೂ ಕೆಲವೇ ವಾರಗಳ ಹಿಂದೆ ಲಾರಿಯಿಂದ ಇಳಿದವು. ನಾವು ಗೃಹಸ್ಥರು ಅಡುಗೆಮನೆಯ ಕಲ್ಲನ್ನು ಬೆರಳಿನಿಂದ ತಟ್ಟಿ ನೋಡುತ್ತೇವೆ, ನಲ್ಲಿ ತಿರುಗಿಸುತ್ತೇವೆ, ದೇವರ ಮನೆಯ ದಿಕ್ಕು ವಿಚಾರಿಸುತ್ತೇವೆ. ಹತ್ತು ವರ್ಷದ ಮೇಲೆ ಈ ಗಿಡಗಳಲ್ಲಿ ಯಾವುದು ಉಳಿದಿರುತ್ತದೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಈ ಬೀದಿಯಲ್ಲಿ ನೆರಳು ಎಲ್ಲಿ ಬಿದ್ದಿರುತ್ತದೆ ಎಂದು ಕೇಳುವವರು ಕಡಿಮೆ. ಕೇಳಬೇಕು. ಅಲ್ಲಿ ಬಾಳುವವರು ನಾವು. ಕಟ್ಟಿ ಮಾರಿದವರು ಅಷ್ಟು ಹೊತ್ತಿಗೆ ಬೇರೊಂದು ಬಡಾವಣೆಯ ಕೆಲಸದಲ್ಲಿರುತ್ತಾರೆ.

ಮಣ್ಣಿನಿಂದಲೇ ಶುರು ಮಾಡೋಣ. ತಳಪಾಯ ಅಗೆಯುವ ಮೊದಲು ಜೆಸಿಬಿ ಬಂದು ಮೇಲಿನ ಒಂದಡಿ ಮಣ್ಣನ್ನು ಕೆರೆದು ಒಯ್ಯುತ್ತದೆ. ಎರೆಹುಳು, ಹುಲ್ಲಿನ ಬೇರು, ವರ್ಷವರ್ಷವೂ ರಾಗಿಯ ಕೂಳೆ ಕೊಳೆತು ಸೇರಿದ ಕಸುವು ಎಲ್ಲ ಇದ್ದದ್ದು ಆ ಒಂದಡಿಯಲ್ಲಿ. ಆಮೇಲೆ ಅದೇ ನೆಲದ ಮೇಲೆ ಜಲ್ಲಿ ಲಾರಿಗಳು ಓಡಾಡಿ ಮಣ್ಣು ಬಿಗಿದುಕೊಳ್ಳುತ್ತದೆ. ಸಿಮೆಂಟಿನ ಪುಡಿ, ಗಾರೆ, ಟೈಲ್ಸ್ ಚೂರು ಬೆರೆತು ಕ್ಷಾರ ಏರುತ್ತದೆ. ಕೊನೆಗೆ ನಾಲ್ಕು ಬೆರಳು ಕೆಮ್ಮಣ್ಣು ಹರಡಿ ಹುಲ್ಲು ಹಾಸುತ್ತಾರೆ. ಅಂಥ ಕಡೆ ಒಂದು ಮಳೆ ಬಿದ್ದ ಮಾರನೇ ದಿನ ಗುದ್ದಲಿ ಹಾಕಿ ನೋಡಿ: ಮೇಲೆ ಒದ್ದೆಯಾದ ಕೆಂಪು, ಅದರಡಿ ಒಣಗಿದ ಬೂದು ಪದರ, ಗುದ್ದಲಿ ಠಣ್ ಎಂದು ಮೇಲೆ ಪುಟಿಯುತ್ತದೆ. ನೀರೇ ಇಳಿಯದ ಕಡೆ ಬೇರು ಇಳಿಯುವುದು ಹೇಗೆ? ಮುಂಗಾರಿಗೆ ಮುಂಚಿನ ಗಾಳಿಮಳೆಗೆ ವಾಲಿದ ಗಿಡದ ಬುಡ ಬಿಡಿಸಿದರೆ ಎಷ್ಟೋ ಸಲ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರು ಅರ್ಧಕ್ಕರ್ಧ ಹಾಗೇ ಸಿಗುತ್ತದೆ. ಒಳಗೆ ಬೇರುಗಳು ಕವರಿನ ಗೋಡೆಯನ್ನೇ ಸುತ್ತಿ ಸುತ್ತಿ ತಲೆಯ ಮೇಲಿನ ಸಿಂಬಿಯಂತೆ ಗುಂಡಗಾಗಿರುತ್ತವೆ. ಹೊರಗಿನ ಮಣ್ಣನ್ನು ಅವು ಮುಟ್ಟಿಯೇ ಇಲ್ಲ.

ಇದಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. ಮೂರಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ, ತಳವನ್ನು ಹಾರೆಯಿಂದ ಮೀಟಿ ಸಡಿಲಿಸುವುದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಳ್ಳೆಯ ಮಣ್ಣು, ಕವರನ್ನು ಪೂರ್ತಿ ಸೀಳಿ ತೆಗೆದು, ಸುತ್ತಿಕೊಂಡ ಬೇರನ್ನು ಕೈಯಿಂದ ಬಿಡಿಸಿ ನೆಡುವುದು, ಒಂದು ಆಸರೆಗೋಲು, ಬುಡಕ್ಕೆ ತರಗೆಲೆಯ ಹೊದಿಕೆ. ಬುಡದ ಸುತ್ತ ಪೇವರ್ ಕಲ್ಲು ಕೂರಿಸುವಾಗ ಕಾಂಡಕ್ಕೆ ಉಸಿರಾಡಲು ಎರಡಡಿಯಾದರೂ ಬಿಡಬೇಕು. ಮನೆ ಇನ್ನೂ ಕಟ್ಟುತ್ತಿರುವಾಗಲೇ ಮುಂಗಡ ಕೊಟ್ಟವರಿಗೆ ಇನ್ನೊಂದು ಅವಕಾಶವಿದೆ. ಕೆರೆದ ಮೇಲ್ಮಣ್ಣನ್ನು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಸಿ, ಅಲ್ಲೇ ಉಳಿದಿರುವ ಹಳೆಯ ಹುಣಸೆಯನ್ನೋ ಮಾವನ್ನೋ ನಕ್ಷೆಯಲ್ಲಿ ಉಳಿಸಿಕೊಳ್ಳಿ ಎಂದು ಕೇಳಬಹುದು. ಐವತ್ತು ವರ್ಷದ ಮರವನ್ನು ಯಾವ ನರ್ಸರಿಯಿಂದಲೂ ತರಲಾಗುವುದಿಲ್ಲ.

ಹುಲ್ಲುಹಾಸಿನ ಮಾತಿಗೆ ಬರೋಣ. ಬೇಸಿಗೆಯಲ್ಲಿ ಅದು ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿಯುತ್ತದೆ. ಸಾವಿರ ಚದರ ಮೀಟರಿನ ಹಾಸಿಗೆ ಹೆಚ್ಚು ಕಡಿಮೆ ದಿನಕ್ಕೊಂದು ಸಣ್ಣ ಟ್ಯಾಂಕರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಬೇಕಾಯಿತು. ಮಕ್ಕಳು ಉರುಳಾಡಲು ಒಂದು ತುಂಡು ಹುಲ್ಲು ಇರಲಿ, ಅದಕ್ಕೆ ಶುದ್ಧೀಕರಿಸಿದ ಬಚ್ಚಲ ನೀರು ಸಾಕು. ಉಳಿದ ನೆಲವನ್ನು ಮರಕ್ಕೂ ಪೊದೆಗೂ ಬಿಟ್ಟರೆ ಮಳೆಯೇ ಬಹುಪಾಲು ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಮೂವತ್ತು ನಲವತ್ತರ ಒಂದು ಸೈಟಿನ ಮೇಲೆ ಬೀಳುವುದೇ ಸುಮಾರು ಒಂದು ಲಕ್ಷ ಲೀಟರ್. ಅದನ್ನು ಹಿಡಿಯಲು ಪಾತಿ ರಸ್ತೆಗಿಂತ ನಾಲ್ಕು ಬೆರಳು ತಗ್ಗಿನಲ್ಲಿರಬೇಕು. ಹೊಸ ಬಡಾವಣೆಗಳಲ್ಲಿ ಬಹಳ ಕಡೆ ಪಾತಿಯನ್ನು ಎತ್ತರಿಸಿ ಕಲ್ಲು ಕಟ್ಟಿರುತ್ತಾರೆ. ನೋಡಲು ಅಂದ, ಆದರೆ ಮಳೆಯೆಲ್ಲ ಚರಂಡಿ ಪಾಲು.

ಇನ್ನು ನೆರಳು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೋಡುವುದು ಆಗಲೇ. ಆ ದಿನಗಳಲ್ಲಿ ತೆಂಕಣ ಗೋಡೆಗೆ ಬಿಸಿಲಿನ ಕಾಟ ಅಷ್ಟಿಲ್ಲ. ಬೆಳಿಗ್ಗೆ ಮೂಡಣ ಗೋಡೆ ಕಾಯುವಾಗ ಗಾಳಿ ಇನ್ನೂ ತಂಪಾಗಿರುತ್ತದೆ. ಮಧ್ಯಾಹ್ನದ ಮೇಲೆ ಪಡುವಣ ಗೋಡೆ ಕಾಯುವಾಗ ರಸ್ತೆ, ತಾರಸಿ, ಗಾಳಿ ಎಲ್ಲವೂ ಆಗಲೇ ಕಾದು ಕೂತಿರುತ್ತವೆ, ಗೋಡೆ ಹೀರಿದ ಶಾಖ ರಾತ್ರಿ ಮಲಗುವ ಕೋಣೆಗೆ ಇಳಿಯುತ್ತದೆ. ಸಾಲುಮನೆಗೆ ಎಡಬಲದಲ್ಲಿ ನೆರೆಯವರ ಗೋಡೆ, ಕಿಟಕಿಗಳೆಲ್ಲ ಮುಂದೆ ಇಲ್ಲವೇ ಹಿಂದೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಸಾಲುಗಳಲ್ಲಿ ಮೂಡಣ ಬಾಗಿಲಿನ ಮನೆಯ ಹಿಂಗೋಡೆಗೆ ಹಿಂದಿನ ಸಾಲೇ ಮರೆಯಾಗುತ್ತದೆ. ಪಡುವಣ ಬಾಗಿಲಿನವರಿಗೆ ಮಾತ್ರ ಮೂರರಿಂದ ಆರರವರೆಗಿನ ಬಿಸಿಲು ಹಾಲ್‌ನಲ್ಲೇ ಬಂದು ಕೂರುತ್ತದೆ. ಮೂಡಣ ಬಾಗಿಲಿಗೆ ನಮ್ಮಲ್ಲಿ ಬೇಡಿಕೆ ಹೆಚ್ಚು, ಬೆಲೆಯೂ ತುಸು ಹೆಚ್ಚು. ಕೈಯಲ್ಲಿದ್ದುದನ್ನು ಕೂಡಿಸಿ, ಸಾಲ ಮಾಡಿ ಬಂದವರ ಪಾಲಿಗೆ ಎಷ್ಟೋ ಸಲ ಎದುರಿನ ಸಾಲು ಉಳಿಯುತ್ತದೆ.

ಬಿಲ್ಡರ್ ಕೊಡುವ ನಕ್ಷೆಯಲ್ಲಿ ರಸ್ತೆಯ ಎರಡೂ ಬದಿಗೆ ಒಂದೇ ಜಾತಿಯ ಗಿಡ, ಒಂದೇ ಅಂತರ. ಬಿಸಿಲು ಹಾಗೆ ಸಮನಾಗಿ ಬೀಳುವುದಿಲ್ಲ. ಕೊಡೆಗಟ್ಟುವ ಮರಗಳು ಪಡುವಣ ಬಾಗಿಲುಗಳ ಮುಂದೆ ಸಾಲಾಗಿ ಬರಬೇಕು. ಎದುರುಬದಿಗೆ ದಾಸವಾಳ, ನಂದಿಬಟ್ಟಲು, ಪಾರಿಜಾತದಂಥ ಗಿಡ್ಡನೆಯವು ಸಾಕು, ಬೆಳಗಿನ ಎಳೆಬಿಸಿಲು ಆ ಮನೆಗಳ ಒಳಗೆ ಬರಲಿ. ಇಪ್ಪತ್ತಡಿ ಅಗಲದ ಮನೆಯ ಮುಂದೆ ಬೆಳೆದ ಹೊಂಗೆ ಹೇಗೂ ಪಕ್ಕದ ಮನೆಯ ಮೇಲೂ ಚಾಚುತ್ತದೆ. ಹಾಗಾಗಿ ಎರಡು ಮನೆಗೆ ಒಂದು ಮರ, ಎರಡು ಗೇಟುಗಳ ನಡುವಿನ ಗಡಿಯಲ್ಲಿ.

ಯಾವ ಮರ ಎಂದರೆ ನನ್ನ ಮೊದಲ ಓಟು ಹೊಂಗೆಗೆ. ಚಳಿಗಾಲದ ಕೊನೆಗೆ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಹೊಸ ಚಿಗುರು ಹೊದೆಯುತ್ತದೆ. ರಂಜ, ಹೊಳೆದಾಸವಾಳ, ಕಕ್ಕೆ, ಸಂಪಿಗೆ ಕೂಡ ಬೀದಿಗೆ ಹೊಂದುವಂಥವು. ಗುಲ್‌ಮೊಹರ್ ಕಣ್ಣಿಗೆ ಹಬ್ಬ, ಆದರೆ ಕೊಂಬೆ ಪೆಡಸು; ಕಾರು ನಿಲ್ಲುವ ಇಕ್ಕಟ್ಟು ಬೀದಿಗೆ ಬೇಡ. ಆಲ, ಅರಳಿಗೆ ಸಂಪಿನ ಹತ್ತಿರ ಜಾಗವಿಲ್ಲ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ, ಮಕ್ಕಳು ಆಡುವ ಕಡೆ ನೆಡಲೇಬಾರದು. ಕೊನೊಕಾರ್ಪಸ್ಸನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು: ಪರಾಗದಿಂದ ಅಲರ್ಜಿ, ಬೇರಿನಿಂದ ನೀರಿನ ಕೊಳವೆ ಮತ್ತು ಕೇಬಲ್‌ಗಳಿಗೆ ಹಾನಿ ಎಂಬ ಕಾರಣಕ್ಕೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡದ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಗುಸ್ತಾವ್ ಹರ್ಮನ್ ಕ್ರುಂಬಿಗಲ್ (1865–1956) ಬೆಂಗಳೂರಿನ ಬೀದಿಮರಗಳನ್ನು ಒಂದಾದ ಮೇಲೊಂದು ಜಾತಿ ಹೂ ಬಿಡುವ ಹಾಗೆ ಹೊಂದಿಸಿದರು. ಅವರು ಆರಿಸಿದ ಮರಗಳಲ್ಲಿ ಹೊರದೇಶದವೂ ಇದ್ದವು, ಇಂದು ನಾವು ನಮ್ಮ ನೆಲದವನ್ನು ಹೆಚ್ಚು ಆರಿಸಬಹುದು. ಅವರಿಂದ ಕಲಿಯಬೇಕಾದದ್ದು ದೃಷ್ಟಿಯ ಅಳತೆ. ಒಂದೊಂದು ಮನೆಯ ಮುಂದೆ ಒಂದೊಂದು ಗಿಡ ಎಂದು ಅವರು ಎಣಿಸಲಿಲ್ಲ. ಇಡೀ ಬೀದಿಯನ್ನು, ಇಡೀ ಊರನ್ನು, ಇಡೀ ವರ್ಷವನ್ನು ಒಟ್ಟಿಗೆ ಇಟ್ಟು ನೋಡಿದರು.

ಸಾಲುಮನೆಗಳಲ್ಲಿ ಹಾಗೆ ನೋಡಬೇಕಾದವರು ನಿವಾಸಿಗಳ ಸಂಘದವರು. 2016ರ ರೇರಾ ಕಾಯ್ದೆಯ ಪ್ರಕಾರ ಉದ್ಯಾನ, ಆಟದ ಜಾಗಗಳು ಸಾಮಾನ್ಯ ಪ್ರದೇಶಗಳು, ಅವು ಕೊಂಡವರ ಸಂಘಕ್ಕೆ ಹಸ್ತಾಂತರವಾಗಬೇಕು. ಅಂದರೆ ತೀರ್ಮಾನ ನಮ್ಮದೇ. ಸಂಘದ ಸಭೆಯಲ್ಲಿ ಮರದ ಮಾತು ಬಂದರೆ ಕೇಳಿಬರುವ ಪ್ರಶ್ನೆಗಳೂ ಗೊತ್ತಿರುವಂಥವೇ. "ಎಲೆ ಗುಡಿಸೋರು ಯಾರು ಸ್ವಾಮಿ?" "ಹಕ್ಕಿ ಹಿಕ್ಕೆಯೆಲ್ಲ ಕಾರಿನ ಮೇಲಲ್ವಾ?" "ನಮ್ಮ ಕಡೆ ನಾಲ್ಕು ದಾಸವಾಳ, ಅವರ ಕಡೆ ಅಷ್ಟು ದೊಡ್ಡ ಮರ, ದುಡ್ಡು ಮಾತ್ರ ಎಲ್ಲರದ್ದೂ ಒಂದೇನಾ?" ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು, ಅದನ್ನು ಸಣ್ಣತನ ಎಂದು ತಳ್ಳಿಹಾಕಬಾರದು. ತಿಂಗಳ ಸಂಬಳ ಎಣಿಸಿ ಬದುಕುವವರು ಲೆಕ್ಕ ಕೇಳುವುದು ಸಹಜ. ಉತ್ತರ ಹೇಳಬೇಕಾದವರು ಮೂಡಣ ಬಾಗಿಲಿನವರೇ. ಅವರಲ್ಲೊಬ್ಬರು ಎದ್ದು, "ಬಿಸಿಲು ಬೀಳೋದು ಅವರ ಕಡೆ, ಮರ ಅಲ್ಲೇ ಬರಲಿ, ಖರ್ಚು ಎಲ್ಲರೂ ಹಂಚಿಕೊಳ್ಳೋಣ" ಎಂದರೆ ಸಭೆ ಅಲ್ಲಿಗೆ ಮುಗಿಯುತ್ತದೆ. ಅದೇ ಮಾತನ್ನು ನೆರಳು ಬೇಕಾದವರೇ ಆಡಿದರೆ ಬೇಡಿದಂತಾಗುತ್ತದೆ, ಅವರು ಆಡದೆ ಸುಮ್ಮನಾಗುತ್ತಾರೆ. ಒಂದೇ ಗೋಡೆಯನ್ನು ಹಂಚಿಕೊಂಡು ಬಾಳುವ ಕಡೆ ಔದಾರ್ಯಕ್ಕೆ ಇಷ್ಟು ಸುಲಭದ ಸಂದರ್ಭ ಪದೇ ಪದೇ ಬರುವುದಿಲ್ಲ.

ಹಳೇ ಮೈಸೂರಿನ ಊರುಗಳಲ್ಲಿ ಹೀಗೆ ನೆರಳು ಹಂಚಿಕೊಳ್ಳುವುದಕ್ಕೊಂದು ಏರ್ಪಾಡೇ ಇತ್ತು, ಗುಂಡುತೋಪು. ಊರ ಹೊರಗೆ ಎಲ್ಲರಿಗೂ ಸೇರಿದ ಜಾಗ, ಅಲ್ಲಿ ಮಾವು, ಹುಣಸೆ, ನೇರಳೆ, ಹಿಪ್ಪೆ. ಗಾಡಿ ಬಿಟ್ಟವರು, ದನ ಕಾಯುವವರು, ಸಂತೆಗೆ ಹೊರಟವರು ಅಲ್ಲಿ ಕೂರುತ್ತಿದ್ದರು. ಬೆಂಗಳೂರಿನ ಸುತ್ತ ಎಷ್ಟೋ ಬಡಾವಣೆಗಳು ಎದ್ದಿರುವುದು ಅಂಥ ಊರುಗಳ ನೆಲದಲ್ಲೇ. ನಮ್ಮ ಬೀದಿಗೂ ಬರುವವರಿದ್ದಾರೆ: ತರಕಾರಿ ಗಾಡಿಯ ಅಮ್ಮ, ಪಾರ್ಸೆಲ್ ಹಿಡಿದು ಬಾಗಿಲು ತೆರೆಯುವವರೆಗೆ ಕಾಯುವ ಹುಡುಗ, ಹಗಲೆಲ್ಲ ಗೇಟಿನಲ್ಲಿ ನಿಲ್ಲುವ ಕಾವಲುಗಾರ. ಗೇಟಿನ ಪಾಮ್ ಗಿಡಗಳು ಇವರಲ್ಲಿ ಒಬ್ಬರಿಗೂ ನೆರಳು ಕೊಡಲಾರವು. ಆ ಜಾಗಕ್ಕೆ ಎರಡು ನೇರಳೆ ಬರಲಿ, ಕೆಳಗೊಂದು ಕಲ್ಲುಚಪ್ಪಡಿ ಇರಲಿ. ಹಣ್ಣು ಬಿದ್ದು ನೆಲ ನೇರಳೆಯಾಗುತ್ತದೆ, ಆ ನಾಲ್ಕು ವಾರ ತೊಳೆಯಬೇಕಾಗುತ್ತದೆ, ನಿಜ.

ನೆಡುವುದಕ್ಕೆ ಮುಂಗಾರು ಹಿಡಿದ ಮೇಲಿನ ವಾರಗಳೇ ಸರಿ, ಬೇರು ಕಚ್ಚಲು ಮಳೆಗಾಲ ಪೂರ್ತಿ ಸಿಗುತ್ತದೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ಮೂರೂವರೆಗೆ ಸಂಘದ ನಾಲ್ಕು ಜನ ಸುಣ್ಣದ ಪುಡಿ ಹಿಡಿದು ಬೀದಿ ಸುತ್ತಿ, ಬಿಸಿಲು ಬೀಳುವ ಗೋಡೆಗಳ ಮುಂದೆ, ನೀರಿನ ಕೊಳವೆ ಎಲ್ಲಿ ಹಾದಿದೆಯೆಂದು ಪ್ಲಂಬರನ್ನು ಕೇಳಿಕೊಂಡು, ಗುಂಡಿಯ ಗುರುತು ಹಾಕಬಹುದು. ಮೊದಲ ಎರಡು ಬೇಸಿಗೆ ದಾಟಿಸುವುದು ಮಾಲಿಯೊಬ್ಬನ ಕೈಯಲ್ಲಿ ಆಗುವುದಿಲ್ಲ, ಅವನಿಗೂ ರಜೆ ಬೇಕು, ಊರಿನ ಜಾತ್ರೆ ಇರುತ್ತದೆ. ವಾರಕ್ಕೆರಡು ಸಲ ಮರಕ್ಕೆ ಎರಡು ಬಕೆಟ್ ಎಂದು ಮನೆಮನೆಗೆ ಸರದಿ ಹಚ್ಚಿ, ಪಟ್ಟಿಯನ್ನು ಗೇಟಿನ ಫಲಕದ ಮೇಲೆ ಅಂಟಿಸಿ. ಮೂಡಣ ಬಾಗಿಲಿನವರ ಹೆಸರೂ ಅದರಲ್ಲಿರಲಿ.