ಬಾಟ್ಲಿ ತಳದ ಹೆಪ್ಪು

ಕುಡಿದ ಬಾಟ್ಲಿಯ ತಳದಲ್ಲಿ ಉಳಿದ ಗಷ್ಟು ಯಾರದ್ದು? ದುಡ್ಡು ಕೊಟ್ಟವನದ್ದು ಅಂತ ನೀವು ಥಟ್ಟನೆ ಹೇಳಬಹುದು. ಪೋರ್ಟ್‌ಲ್ಯಾಂಡಿನಲ್ಲಿ ಆನ್‌ಸೈಟ್ ಇದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ.

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳಬಹುದು. 1978ರಲ್ಲಿ ಕಾರ್ಟರ್ ಸಹಿ ಹಾಕಿದ ಕಾನೂನು ಅದು. (ಇಲ್ಲಿ ಮಾಡೋಕೆ ಹೋಗಬೇಡಿ, ಅಬಕಾರಿಯವರು ಬರ್ತಾರೆ.) ನಾಲ್ಕೈದು ಸಲ ಸಾದಾ ಬಿಯರ್ ಮಾಡಿ ಕೈ ಕುದುರಿದ ಮೇಲೆ ಹುಳಿ ಬಿಯರಿನ ಹುಚ್ಚು ಹಿಡೀತು. ಬ್ರಸೆಲ್ಸ್‌ನ ಕ್ಯಾಂಟಿಲಾನ್‌ನಂಥ ಕಡೆ ಇದಕ್ಕೆ ಯಾರೂ ಯೀಸ್ಟ್ ಹಾಕೋದಿಲ್ಲ. ಕುದಿಸಿದ ಮಾಲ್ಟ್ ರಸವನ್ನು ಚಳಿಗಾಲದ ರಾತ್ರಿ ಅಗಲವಾದ ತಾಮ್ರದ ತೊಟ್ಟಿಯಲ್ಲಿ ತೆರೆದಿಡುತ್ತಾರೆ. ಗಾಳಿಯಲ್ಲಿದ್ದದ್ದು, ಹಳೇ ಮರದ ಪೀಪಾಯಿಯಲ್ಲಿದ್ದದ್ದು ಎಲ್ಲ ಸೇರಿ ವರ್ಷಗಟ್ಟಲೆ ಹುಳಿಸುತ್ತವೆ. ಒಂದು, ಎರಡು, ಮೂರು ವರ್ಷದ್ದನ್ನು ಬೆರೆಸಿದರೆ ಅದು ಗೂಝ್. ಸೋಸಲ್ಲ, ಪಾಶ್ಚರೀಕರಣ ಮಾಡಲ್ಲ. ಹಾಗಾಗಿ ಬಾಟ್ಲಿ ತಳದಲ್ಲಿ ಜೀವ ಇರುತ್ತೆ.

ಒಂದು ಗೂಝ್, ಒಂದು ಒರ್ವಾಲ್ ಕೊಂಡೆ. ಅಲುಗಾಡಿಸದೆ ಬಗ್ಗಿಸಿ ಕುಡಿದು, ಕೊನೆಯ ಒಂದು ಬೆರಳಷ್ಟು ಉಳಿಸಿ, ತೆಳ್ಳಗಿನ ಮಾಲ್ಟ್ ರಸಕ್ಕೆ ಹಾಕಿ ಒಂದು ವಾರ ಬಿಟ್ಟೆ. ಅದನ್ನು ಹಾಪ್ಸ್ ಕಮ್ಮಿ ಹಾಕಿ ಮಾಡಿದ 19 ಲೀಟರ್ ಬಿಯರಿಗೆ ಸುರಿದೆ. ಹಾಪ್ಸ್ ಜಾಸ್ತಿಯಾದ್ರೆ ಲ್ಯಾಕ್ಟೊಬ್ಯಾಸಿಲಸ್‌ಗೆ ಆಗಿಬರಲ್ಲ. ಮೂರನೇ ತಿಂಗಳು ನೋಡಿದ್ರೆ ಲೋಳೆ ಲೋಳೆ, ನೂಲಿನ ಹಾಗೆ ಎಳೆ ಬರ್ತಿದೆ! ಕೆಟ್ಟೇಹೋಯ್ತು ಅಂದುಕೊಂಡೆ. ಅದು ಪೀಡಿಯೊಕಾಕಸ್ ಕೆಲಸವಂತೆ, ಬ್ರೆಟ್ಟನೊಮೈಸಿಸ್ ಅನ್ನೋ ಯೀಸ್ಟ್ ನಿಧಾನಕ್ಕೆ ಅದನ್ನು ಸರಿ ಮಾಡತ್ತಂತೆ. ಚೆಲ್ಲಲಿಲ್ಲ. ಹದಿನಾಲ್ಕನೇ ತಿಂಗಳಿಗೆ ಮಾವಿನಕಾಯಿ ಕಚ್ಚಿದ ಹಾಗೆ ಹಲ್ಲು ಚುಳ್ ಅನ್ನೋ ಬಿಯರ್ ಸಿಕ್ಕಿತು.

ಟೀಮಿನ ಧಾರವಾಡದ ಹುಡುಗ ಒಂದು ಗ್ಲಾಸು ಕುಡಿದು, "ಅಣ್ಣಾ, ತಳದಾಗಿಂದು ಒಂದೀಟು ಕೊಡು, ನಾನೂ ಮಾಡ್ತೀನಿ" ಅಂದ.

"ಅದು ಸತ್ತೋಗಿದೆ ಕಣೋ" ಅಂದೆ. ಫ್ರಿಜ್ಜಿನಲ್ಲಿ ಜಾಡಿ ತುಂಬ ಇತ್ತು.

ಯಾಕೆ ಹಾಗಂದೆ? ನಮ್ಮೂರಲ್ಲಿ ಹೆಪ್ಪು ಕೇಳಿಕೊಂಡು ಬಂದವರನ್ನ ಅಜ್ಜಿ ಬರಿಗೈಲಿ ಕಳಿಸಿದ್ದು ನಾನು ನೋಡಿಲ್ಲ. ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದು ಅನ್ನೋ ಶಾಸ್ತ್ರ ಇತ್ತು. ಆಗ ಅಜ್ಜಿ, "ಮೆಣಸಿನಕಾಯಿ ತೊಟ್ಟು ಹಾಕ್ಕೊಳೇ, ಹೆಪ್ಪಾಗತ್ತೆ" ಅಂತ ದಾರಿಯನ್ನಾದರೂ ಹೇಳಿಕೊಡ್ತಿದ್ದಳು. ಕೊಟ್ಟಿದ್ದನ್ನ ಯಾರೂ ವಾಪಸ್ ಕೇಳ್ತಿರಲಿಲ್ಲ.

ನನ್ನ ಪರವಾಗಿ ನಾನೇ ವಾದ ಮಾಡಿ ನೋಡಿದೆ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆನಂದ ಚಕ್ರವರ್ತಿ ರೂಪಿಸಿದ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಕೊಡಬಹುದು ಅಂತು. ಆದರೆ ಅವರು ಅದನ್ನು ಬದಲಾಯಿಸಿದ್ದರು. ನಾನು ಬದಲಾಯಿಸಿದ್ದು ಏನೂ ಇಲ್ಲ, ಅನ್ನ ಹಾಕಿ ಸಾಕಿದ್ದೆ ಅಷ್ಟೆ. ನಮ್ಮ ದೇಶದ 2001ರ ಸಸ್ಯ ತಳಿ ಕಾಯ್ದೆ ಕೂಡ, ಸಂರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಹಂಚಬಹುದು ಅನ್ನತ್ತೆ. ಹದಿನಾಲ್ಕು ತಿಂಗಳು ಕಾದದ್ದು ನನ್ನ ಶ್ರಮ, ಒಪ್ಪಿದೆ. ಬಿಯರ್ ನನ್ನದು. ಆದರೆ ಆ ಗಷ್ಟು? ಅದು ಬೆಲ್ಜಿಯಂನ ಯಾರೋ ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದು, ಅವರಿಗೂ ಗಾಳಿಯಿಂದ ಸಿಕ್ಕಿದ್ದು. ಬೆಳಗ್ಗೆಯಿಂದ ಸಂಜೆವರೆಗೆ ಓಪನ್ ಸೋರ್ಸ್ ಲೈಬ್ರರಿ ಎತ್ತಿಕೊಂಡು ಕೋಡ್ ಬರೆದು ಸಂಬಳ ತಗೊಳೋ ನನಗೆ ಇದು ಗೊತ್ತಾಗೋಕೆ ಕಷ್ಟ ಇರಬಾರದಿತ್ತು.

ಎರಡು ಚಮಚ ಕೊಟ್ಟರೆ ಜಾಡಿ ಏನೂ ಖಾಲಿಯಾಗ್ತಿರಲಿಲ್ಲ. ಒಂದೇ ಒಂದು ಕಮ್ಮಿ ಆಗ್ತಿತ್ತು. ಇದು ನನ್ನೊಬ್ಬನ ಹತ್ರ ಇದೆ ಅನ್ನೋದು. ಅದಕ್ಕೇ ಸುಳ್ಳು ಹೇಳಿದ್ದು.

ಎರಡು ವಾರ ಬಿಟ್ಟು ಊಟದ ಬ್ಯಾಗಿನಲ್ಲಿ ಸಣ್ಣ ಜಾಡಿ ಇಟ್ಕೊಂಡು ಹೋಗಿ, "ಸತ್ತಿರಲಿಲ್ಲ" ಅಂತ ಅವನ ಟೇಬಲ್ ಮೇಲಿಟ್ಟೆ.

"ಗೊತ್ತಿತ್ತು ಬಿಡಣ್ಣಾ" ಅಂದ, ತಲೆ ಎತ್ತದೆ.

ಅವನ ಮೊದಲ ಬ್ಯಾಚಿಗೆ ಗಾಳಿ ಹೊಕ್ಕು ಪೂರ್ತಿ ವಿನೆಗರ್ ಆಯ್ತು. ಮತ್ತೆ ಬಂದು ಕೇಳಿದ. ಒಳಗೊಳಗೇ ಬೈಕೊಂಡು ಮತ್ತೆ ಕೊಟ್ಟೆ.